ಐದನೇ ಕಡ್ಡಿ

ಆ ಹಿರಿಯರ ಕಿವಿ ಸರಿಯಾಗಿಯೇ ಇತ್ತು. ಅದು ನನಗೆ ಆಮೇಲೆ ಯಾವತ್ತೋ ತಿಳಿದದ್ದಲ್ಲ. ಅವತ್ತೇ, ಅವರ ಎದುರಿಗೆ ನಿಂತು 'ಕೆಟ್ಟಿದ್ದು ನಿಮ್ಮ ಕಿವಿರಿ' ಅಂತ ನಾನು ಹೇಳುತ್ತಿರುವಾಗಲೇ ಗೊತ್ತಿತ್ತು.

ಚರ್ಚಾಸ್ಪರ್ಧೆಗಳಲ್ಲಿ ನನ್ನ ಮಾತು ಕೇಳಿದವರಲ್ಲಿ ಕೆಲವರಿಗಾದರೂ ಆ ಕಥೆ ನೆನಪಿರಬಹುದು. ಲಕಮನಹಳ್ಳಿಯಲ್ಲಿ ಒಬ್ಬ ಹಿರಿಯರು, ಹವ್ಯಾಸಕ್ಕೆ ಅಂತ ಕೈಯಲ್ಲೇ ಗಿಟಾರ್ ಮಾಡುವವರು. ಹಲಗೆಯನ್ನು ಬೆರಳಿನಿಂದ ಬಡಿದು, ಕಿವಿಗೆ ಹಿಡಿದು, ಅದರ ದೋಷ ಹೇಳುತ್ತೇನೆ ಅನ್ನುವವರು. ಕೊನೆಗೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರೆ ಅವರ ಕಿವಿಯೇ ಮಂದ! 'ನಂಬಿಕೆ ಮಾತಾಡುವಾಗ ಕಿವಿಯ ಅಗತ್ಯವೇ ಬೀಳುವುದಿಲ್ಲ' ಅಂತ ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿದ್ದವು. ವಿದ್ಯಾನಗರದ ಒಂದು ಸಭಾಂಗಣದಲ್ಲಿ ನಿರ್ಣಾಯಕರೊಬ್ಬರು ಆ ವಾಕ್ಯಕ್ಕೆ ಮೇಜು ತಟ್ಟಿದ್ದರು. ಆ ಕಥೆ ಸುಳ್ಳು. ಅಂದರೆ, ಪೂರ್ತಿ ಸುಳ್ಳು ಅಂತಲ್ಲ, ಅದರಲ್ಲಿ ಒಂದೊಂದು ಸಂಗತಿ ಬಿಡಿಸಿ ನೋಡಿದರೆ — ನೋಡಿ, ಮತ್ತೆ ಶುರು ಮಾಡಿದೆ. ಸುಳ್ಳು. ಅಷ್ಟೇ.

ಇನ್ನು ಅವರು ಯಾರು ಅಂತ ಹೇಳಬೇಕು. ನಾನು ಅವರನ್ನು ಚಾಚಾ ಅಂತಿದ್ದೆ. ಇಲ್ಲೂ ಹಾಗೇ ಅನ್ನುತ್ತೇನೆ. ಹೆಸರು ಕೊನೆಗೆ ಬರುತ್ತದೆ. ಅದಕ್ಕೊಂದು ಕಾರಣ ಇದೆ.

ಡಿಗ್ರಿಯ ಎರಡನೇ ವರ್ಷದಲ್ಲಿ ನನಗೆ ಗಿಟಾರಿನ ಹುಚ್ಚು ಹತ್ತಿತ್ತು. ಬಾರಿಸುವ ಹುಚ್ಚಿಗಿಂತ ಮಾಡುವ ಹುಚ್ಚು. ವಿಡಿಯೋ ನೋಡಿ ನೋಡಿ ಎಲ್ಲಾ ತಿಳಿದುಬಿಟ್ಟಿದೆ ಅನ್ನುವ ಧೈರ್ಯ. ಎರಡೂವರೆ ಮಿಲಿಮೀಟರ್ ದಪ್ಪಕ್ಕೆ ಹಲಗೆ ತೆಳು ಮಾಡಿಕೊಡಿ ಅಂತ ಗೋಕುಲ ರಸ್ತೆಯ ಒಂದು ಫರ್ನಿಚರ್ ಅಂಗಡಿಗೆ ಹೋದೆ. ಅಲ್ಲಿಯ ಬಡಿಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. 'ಅದು ಹಲಗಿ ಅಲ್ರಿ ಅಕ್ಕಾರ, ಹಪ್ಪಳ. ಕಟ್ಟಿಗಿ ಹಪ್ಪಳ ಮಾಡೂ ಹುಚ್ಚಮನುಷ್ಯಾ ಧಾರವಾಡದಾಗ ಒಬ್ರು ಅದಾರ, ಅಲ್ಲಿಗೆ ಹೋಗ್ರಿ' ಅಂದ.

ಲಕಮನಹಳ್ಳಿಯಲ್ಲಿ, ಕಾರ್ಖಾನೆಗಳ ಸಾಲಿನ ಹಿಂದಿನ ಓಣಿಯಲ್ಲಿ ಅವರ ಮನೆ. ಮನೆಗೆ ಅಂಟಿಕೊಂಡು ತಗಡಿನ ಶೆಡ್ಡು. ಚಾಚಾ ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದವರು. ಕಬ್ಬಿಣ ಎರಕ ಹೊಯ್ಯುವ ಮುಂಚೆ ಅದೇ ಆಕಾರವನ್ನು ಮರದಲ್ಲಿ ಮಾಡಬೇಕಲ್ಲ, ಪಂಪಿನ ಹೊಟ್ಟೆ, ಗೇರಿನ ಚಕ್ರ — ಆ ಕೆಲಸ. ಒಂದು ಸಲ ಜೊತೆಗಾರನೊಬ್ಬ ಮಗಳ ಒಡೆದ ಗಿಟಾರ್ ತಂದುಕೊಟ್ಟನಂತೆ. ಚಾಚಾ ಬ್ಯಾಟರಿ ಹಾಕಿ ಒಳಗೆ ಇಣುಕಿದ್ದಾರೆ. 'ಒಳಗ ನೋಡಿದೆ. ಅಲ್ಲಲೇ, ಇದು ನಮ್ಮಽ ಕೆಲಸ ಐತಲ್ಲ ಅಂದೆ' — ಅಲ್ಲಿಂದ ಶುರು. ನಿವೃತ್ತಿಯಾದ ಮೇಲೆ ನಾಲ್ಕು ಗಿಟಾರ್ ಮಾಡಿ ನಾಲ್ಕು ಜನಕ್ಕೆ ಸುಮ್ಮನೆ ಕೊಟ್ಟಿದ್ದರು. ಬಾರಿಸಲು ಒಂದು ಹಾಡೂ ಬರುತ್ತಿರಲಿಲ್ಲ. ಅದನ್ನು ಕೇಳಿ ನನಗೆ ನಗು ಬಂದಿತ್ತು.

ಮೊದಲ ದಿನವೇ ಜಗಳ. ಅವರ ಮೇಜಿನ ಮೇಲಿನ ಉಕ್ಕಿನ ಅಳತೆಪಟ್ಟಿ ನನ್ನ ಪಟ್ಟಿಗೆ ಹೊಂದುತ್ತಿರಲಿಲ್ಲ.

'ಚಾಚಾ, ಇದು ತಪ್ಪು ಸ್ಕೇಲ್ ರಿ. ಒಂದು ಫೂಟಿಗಿಂತ ಉದ್ದ ಐತಿ.'

'ತಪ್ಪಲ್ಲವಾ. ಕಾದ ಕಬ್ಬಿಣ ಆರಿದ ಮ್ಯಾಲ ಕುಗ್ಗತೈತಿ. ಅದನ್ನ ಮೊದಲಽ ಲೆಕ್ಕಕ್ಕ ಹಿಡದು ಈ ಸ್ಕೇಲಿನ ಇಂಚು ಸ್ವಲ್ಪ ಉದ್ದ ಮಾಡಿರತಾರ. ಪ್ಯಾಟರ್ನಿನವರ ಸ್ಕೇಲ್ ಇದು.'

'ಅಂದ್ರ ಸುಳ್ಳು ಅಳತಿ ಹಿಡದು ಖರೇ ಅಳತಿ ಮುಟ್ಟೂದು?'

ಚಾಚಾ ಮರ ಹೆರೆಯುವ ರಂದಾ ಕೆಳಗಿಟ್ಟರು. ಮುಖ ತುಂಬಾ ನಗು. 'ಆಹಾ! ಬರ್ರಿ ವಕೀಲ ಸಾಹೇಬ್ರ, ಒಳಗ ಬರ್ರಿ. ನಮ್ಮ ಮನ್ಯಾಗ ವಾದಕ್ಕ ಜನ ಕಡಿಮಿ ಇತ್ತು.'

ಒಳಗಿನಿಂದ ಚಾಚಿಯ ದನಿ ಬಂತು. 'ವಕೀಲರಾಗಿದ್ರ ನನ್ನದೊಂದು ಕೇಸ್ ಹಿಡಿ ಅಂತ ಹೇಳ್ರಿ! ಎಂಟು ವರ್ಷ ಆತು, ಅಡಗಿಮನ್ಯಾಗ ಡಬ್ಬಿ ಇಡಾಕ ಒಂದು ಹಲಗಿ ಹೊಡದುಕೊಡವಲ್ರು. ಊರ ಮಂದಿಗೆ ಗಿಟಾರಂತ, ಗಿಟಾರ.'

'ಆ ಹಲಗಿ ಬಿಟ್ಟು ಬ್ಯಾರೆ ಯಾವುದರ ಕೇಳು, ಹೊಡದ ಕೊಡತೇನಿ' ಅಂದರು ಚಾಚಾ.

ಚಾಚಿ ಕಣ್ಣಿಟ್ಟಿದ್ದ ಆ ಹಲಗೆ ಅಂದರೆ ಶೆಡ್ಡಿನ ಅಟ್ಟದ ಮೇಲೆ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ಒಂದು ಅಗಲವಾದ ಪೈನ್ ಹಲಗೆ. ಎಷ್ಟೋ ವರ್ಷದ ಹಿಂದೆ ಫೌಂಡ್ರಿಗೆ ಹೊರದೇಶದಿಂದ ಒಂದು ಯಂತ್ರ ಬಂದಿತ್ತಂತೆ, ಅದರ ಪೆಟ್ಟಿಗೆಯ ಹಲಗೆಗಳನ್ನು ಎಲ್ಲರೂ ಒಲೆಗೆ ಒಯ್ಯುವಾಗ ಚಾಚಾ ಬಡಿದು ಬಡಿದು ನೋಡಿ ಕೆಲವನ್ನು ಆರಿಸಿ ತಂದಿದ್ದರು. ನಾಲ್ಕು ಗಿಟಾರಿನ ಮೇಲುಹಲಗೆಗಳು ಅದರಲ್ಲೇ ಆಗಿದ್ದು. ನನ್ನ ಜೊತೆ ಮಾಡಬೇಕಾದ ಐದನೆಯದಕ್ಕೂ ಒಂದಿತ್ತು. ಅದರಾಚೆ ಉಳಿದದ್ದು ಇದೊಂದೇ. ಕೂದಲೆಳೆಯಷ್ಟು ಸಣ್ಣ, ನೇರವಾದ ಗೆರೆಗಳು. ಚಾಚಾ ಅದನ್ನು ಒಂದು ಮೂಲೆಯಲ್ಲಿ ಎರಡು ಬೆರಳಿನಿಂದ ತೂಗಿಹಿಡಿದು, ನಡುವೆ ಬಡಿದು, ನನ್ನ ಕಿವಿಯ ಹತ್ತಿರ ತಂದಿದ್ದರು.

'ಕೇಳಿಸ್ತೇನ?'

'ಟಕ್ ಅಂತು.'

'ಟಕ್ ಅಲ್ಲವಾ. ಹಿಂದ ಏನೋ ಉಳೀತೈತಿ ನೋಡು. ಇದು ಕಡೀದು. ಇದರ ಗಿಟಾರ ಮಾಡಿ ಹೋಗಬೇಕು ನಾ.'

ನನಗೆ ಟಕ್ ಬಿಟ್ಟು ಏನೂ ಕೇಳಿಸಿರಲಿಲ್ಲ. ನನಗೆ ಕೇಳಿಸದ್ದು ಇಲ್ಲ ಅಂತಲೇ ನನ್ನ ತೀರ್ಮಾನ — ಇಪ್ಪತ್ತೊಂದನೇ ವಯಸ್ಸಿಗೆ ಅದು ತುಂಬಾ ಅನುಕೂಲದ ತೀರ್ಮಾನ.

ಆದರೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನು ಮಾಡಿದ್ದರ ಆಳ ನಿಮಗೆ ಗೊತ್ತಾಗುವುದಿಲ್ಲ. ಚಾಚಾ ಸಾಕ್ಷಿಗೆ ತಲೆಬಾಗುವ ಮನುಷ್ಯ. ಹಲಗೆಗಳ ಪಕ್ಕದಲ್ಲಿ ದಿನವಿಡೀ ರೇಡಿಯೋ ಹಚ್ಚಿಡುತ್ತಿದ್ದರು, ಹಾಡು ಕೇಳಿದ ಮರ ಹದವಾಗುತ್ತದೆ ಅಂತ. ನಾನು ಬಿಡಲಿಲ್ಲ. ಒಂದೇ ಹಲಗೆಯನ್ನು ನಡುವೆ ಕೊಯ್ಯೋಣ, ಒಂದು ತುಂಡು ರೇಡಿಯೋ ಪಕ್ಕ, ಒಂದು ತುಂಡು ನಮ್ಮ ಮನೆಯಲ್ಲಿ, ಮೂರು ತಿಂಗಳಾದ ಮೇಲೆ ಕಣ್ಣು ಕಟ್ಟಿ ಯಾವುದು ಯಾವುದು ಅಂತ ಹೇಳ್ರಿ ಅಂದೆ. ಒಪ್ಪಿದರು. ಇಪ್ಪತ್ತು ಸಲ ಬಡಿದರು. ಸರಿಯಾದಷ್ಟೇ ತಪ್ಪಾದವು. ಕಣ್ಣಿನ ಬಟ್ಟೆ ತಾವೇ ಬಿಚ್ಚಿ, ಜೋರಾಗಿ ನಕ್ಕು, 'ನೀ ಗೆದ್ದಿ. ನಾ ಇಷ್ಟು ವರ್ಷ ಕಟ್ಟಿಗಿಗೆ ಸುಮ್ಮನ ಹಾಡು ಕೇಳಿಸೇನಿ' ಅಂದರು. ಮರುದಿನ ಹೋದರೆ ರೇಡಿಯೋ ಮತ್ತೆ ಹಾಡುತ್ತಿತ್ತು. ಏನ್ರಿ ಚಾಚಾ ಅಂದರೆ, 'ಕಟ್ಟಿಗಿಗಲ್ಲ. ನನಗ.'

ಆ ಪರೀಕ್ಷೆ ಪ್ರಾಮಾಣಿಕವಾಗಿತ್ತು. ಅದಕ್ಕೇ ಅವರು ನನ್ನನ್ನು ನಂಬಿದರು. ಇವಳು ತೋರಿಸುವ ಸಾಕ್ಷಿ ಖರೇ ಇರುತ್ತದೆ ಅಂತ ನಂಬಿದರು.

ಗಿಟಾರಿನ ಮೇಲುಹಲಗೆ, ಚಾಚಾ ಎದಿ ಅನ್ನುತ್ತಿದ್ದದ್ದು, ಹಪ್ಪಳದಷ್ಟು ತೆಳು. ತಂತಿಗಳ ಎಳೆತಕ್ಕೆ ಅದು ಮಡಚಿಕೊಳ್ಳಬಾರದು ಅಂತ ಒಳಮೈಗೆ ಸಣ್ಣ ಮರದ ಕಡ್ಡಿಗಳನ್ನು ಅಂಟಿಸುತ್ತಾರೆ. ನಮ್ಮದರಲ್ಲಿ ಏಳು. ಚಾಚಾ ಬಿಳಿ ಅಂಟು ಮುಟ್ಟುತ್ತಿರಲಿಲ್ಲ. ಚರ್ಮದಿಂದ ಮಾಡಿದ ಹಳೇ ಕಾಲದ ಅಂಟು, ಅವರು ಸರೇಸ್ ಅನ್ನುತ್ತಿದ್ದದ್ದು, ಅದನ್ನೇ ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಕಾಯಿಸಿ ಹಚ್ಚುತ್ತಿದ್ದರು. ಅದು ಬಿಸಿ ಇದ್ದಾಗಷ್ಟೇ ಹಿಡಿಯುತ್ತದೆ. ಹಚ್ಚಿದ ಮೇಲೆ ಒಂದು ನಿಮಿಷದೊಳಗೆ ಕಡ್ಡಿ ಕೂರಿಸಿ, ಅದನ್ನು ಒತ್ತಿಹಿಡಿಯುವ ಕ್ಲಾಂಪ್ ಬಿಗಿಯಬೇಕು. ತಡವಾದರೆ ಮೇಲೆ ಕೆನೆಗಟ್ಟುತ್ತದೆ. ಅಂಟಿದ ಹಾಗೆ ಕಾಣುತ್ತದೆ, ಅಂಟಿರುವುದಿಲ್ಲ. ಹಾಗಾಗಿ ಆ ಶೆಡ್ಡಿನಲ್ಲಿ ಒಂದು ರಿವಾಜು ಇತ್ತು. ಸರೇಸ್ ಹಚ್ಚಿದ ಕ್ಷಣದಿಂದ ಕ್ಲಾಂಪ್ ಬಿಗಿಯುವತನಕ ಯಾರೂ ಮಾತಾಡುವಂತಿಲ್ಲ. ರೇಡಿಯೋ ಬಂದ್, ಫ್ಯಾನ್ ಬಂದ್, ಬಾಯಿ ಬಂದ್. ಚಾಚಿ ಚಹಾ ತಂದರೂ ಬಾಗಿಲಲ್ಲೇ ಬಟ್ಟಲು ಹಿಡಿದು ನಿಲ್ಲುತ್ತಿದ್ದರು. ನಾನು ಮೊದಲ ಸಲ ಆ ಒಂದು ನಿಮಿಷ ಬಾಯಿ ಮುಚ್ಚಿದ್ದನ್ನು ನೋಡಿ ಚಾಚಿ, 'ಇದನ್ನ ದಿನಾ ನಾಕು ಸಲ ಹಚ್ರಿ' ಅಂದಿದ್ದರು.

ಅದು ಜನವರಿಯ ಒಂದು ಶುಕ್ರವಾರ. ಚಾಚಾ ಜುಮ್ಮಾ ನಮಾಜಿಗೆ ಹೊರಟರು. ನಾಲ್ಕು ಕಡ್ಡಿ ಇಬ್ಬರೂ ಸೇರಿ ಕೂರಿಸಿದ್ದೆವು. ಐದನೆಯದನ್ನು ತೋರಿಸಿ, 'ಇದನ್ನ ನೀ ಒಬ್ಬಾಕಿನಽ ಹಚ್ಚು. ಕೈ ತಯಾರಾಗೈತಿ ನಿಂದು' ಅಂದರು. ಕಿಟಕಿ ಮುಚ್ಚು ಅಂತಲೂ ಅಂದರು. ಮೂಡಲ ಗಾಳಿ ಚಳಿ ತರುತ್ತಿತ್ತು.

ಕಿಟಕಿ ಮುಚ್ಚಲಿಲ್ಲ. ಸರೇಸ್ ಹಚ್ಚಿದೆ. ಅಷ್ಟರಲ್ಲಿ ಫೋನು. ನನ್ನ ತಂಡದ ಹುಡುಗಿ. ಮುಂದಿನ ವಾರದ ಸ್ಪರ್ಧೆಗೆ 'ಅನುಭವವೇ ಅಂತಿಮ ಪ್ರಮಾಣ' ಅನ್ನುವ ವಿಷಯಕ್ಕೆ ನಾವು ವಿರುದ್ಧವಾಗಿ ಮಾತಾಡಬೇಕಿತ್ತು, ಅವಳು ಪರವಾಗಿ ಒಂದು ಬಲವಾದ ಅಂಶ ಹುಡುಕಿ ನನ್ನನ್ನು ಕೆಣಕುತ್ತಿದ್ದಳು. ಸ್ಪೀಕರ್ ಹಾಕಿ, ಒಂದು ಕೈಯಲ್ಲಿ ಕಡ್ಡಿ ಹಿಡಿದು, ಅವಳ ಅಂಶವನ್ನು ಕತ್ತರಿಸತೊಡಗಿದೆ. ಎಷ್ಟು ಹೊತ್ತೋ. ಎರಡು ನಿಮಿಷವೋ, ಮೂರೋ. ಗೆದ್ದೆ. ಗೆದ್ದು ಕೆಳಗೆ ನೋಡಿದರೆ ಸರೇಸಿನ ಹೊಳಪು ಹೋಗಿ ಮೇಲೆ ಮಬ್ಬು ಪೊರೆ ಬಂದಿತ್ತು.

ಕೆರೆದು ತೆಗೆದು, ಮತ್ತೆ ಕಾಯಿಸಿ ಹಚ್ಚಬಹುದಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಅಷ್ಟರಲ್ಲಿ ಚಾಚಾ ಬರುತ್ತಿದ್ದರು, ಯಾಕ ಕೆರೀಲಿಕತ್ತಿ ಅಂತ ಕೇಳುತ್ತಿದ್ದರು. ಮಾತಾಡಾಕತ್ತಿದ್ದೆ ಚಾಚಾ, ಅಂತ ನಾನು ಹೇಳಬೇಕಾಗುತ್ತಿತ್ತು. ಕೈ ತಯಾರಾಗಿದೆ ಅಂದವರಿಗೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಇರಲಿಲ್ಲ.

ಕಡ್ಡಿ ಕೂರಿಸಿ ಕ್ಲಾಂಪ್ ಬಿಗಿದೆ. ಸಂಜೆ ಕ್ಲಾಂಪ್ ತೆಗೆದು, ಕಡ್ಡಿಯ ಬುಡಕ್ಕೆ ಉಗುರು ಆಡಿಸಿದರೆ ಒಂದು ಕಡೆ ಬಿರುಕು ಗೊತ್ತಾಯಿತು. ಚಾಚಾ ಹೊರಗೆ ಯಾರ ಜೊತೆಗೋ ಮಾತಾಡುತ್ತಿದ್ದರು. ನನ್ನ ಬ್ಯಾಗಿನಲ್ಲಿ ಚಪ್ಪಲಿಗೆ ಅಂತ ಇಟ್ಟುಕೊಂಡಿದ್ದ, ಕ್ಷಣದಲ್ಲಿ ಹಿಡಿಯುವ ಅಂಟಿನ ಟ್ಯೂಬು ಇತ್ತು. ಕಡ್ಡಿಯ ಎರಡೂ ಅಂಚಿಗೆ ಅದನ್ನು ಇಳಿಬಿಟ್ಟೆ. ಬಟ್ಟೆಯಿಂದ ಒರೆಸಿದೆ. ಅಂಚು ಮುಚ್ಚಿತು. ನಡುವೆ ಟೊಳ್ಳು ಹಾಗೇ ಉಳಿಯಿತು.

ಭಾನುವಾರ ಏಳೂ ಕಡ್ಡಿ ಮುಗಿದು, ಮೇಲುಹಲಗೆ ಅಂಟಿಸಿ ಗಿಟಾರಿನ ಡಬ್ಬ ಮುಚ್ಚುವ ದಿನ. ಮುಚ್ಚಿದ ಮೇಲೆ ಒಳಗೆ ಕೈ ಹಾಕುವ ಹಾಗಿಲ್ಲ. ಚಾಚಾ ಹಲಗೆ ಎತ್ತಿಹಿಡಿದು ಬಡಿದರು. ಇನ್ನೊಂದು ಕಡೆ ಬಡಿದರು. ಮತ್ತೆ ಮೊದಲಿನ ಕಡೆಗೇ ಬಂದರು.

'ಮುಚ್ಚೂದು ಬ್ಯಾಡ' ಅಂದರು. 'ಐದನೇದು ಬಿಟ್ಟೈತಿ.'

ಏಳರಲ್ಲಿ ಐದನೆಯದು ಅಂತ, ಬೆರಳಿಟ್ಟು ಹೇಳಿದರು! ಆಗ ಬಾಯಿ ಬಿಟ್ಟಿದ್ದರೆ — ಹೌದ್ರಿ ಚಾಚಾ, ತಪ್ಪಾತು, ಇಷ್ಟು ಸಾಕಿತ್ತು. ಅವರು ಬೈಯುತ್ತಿದ್ದರು, ಚಾಚಿ ನಗುತ್ತಿದ್ದರು, ಕಡ್ಡಿ ಕಿತ್ತು ಇನ್ನೊಂದು ಹಚ್ಚುತ್ತಿದ್ದೆವು. ಆದರೆ ನಾನು ಕಲಿತದ್ದು ಬೇರೆ. ಎದುರಾಳಿ ಸರಿಯಾದ ಜಾಗಕ್ಕೆ ಕೈ ಹಾಕಿದರೆ, ಆ ಕೈಯನ್ನೇ ಪ್ರಶ್ನೆ ಮಾಡು.

'ಬಿಟ್ಟಿಲ್ರಿ' ಅಂದೆ. 'ಕಾಗದ ಹಾಕಿ ನೋಡೋಣ.'

ಅದು ಅವರೇ ಕಲಿಸಿದ ಪರೀಕ್ಷೆ. ತೆಳು ಕಾಗದದ ಚೂರನ್ನು ಕಡ್ಡಿಯ ಬುಡಕ್ಕೆ ತೂರಿಸಬೇಕು. ಒಳಗೆ ಹೋದರೆ ಬಿಟ್ಟಿದೆ ಅಂತ. ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು, ಬಾಗಿಲು ಹಾಕಿದವಳು ನಾನೇ ಅಲ್ಲವೆ. ಚಾಚಾ ತಾವೇ ಕಾಗದ ಹಿಡಿದು ಎಡಕ್ಕೆ, ಬಲಕ್ಕೆ, ನಾಲ್ಕು ಕಡೆ ನೋಡಿದರು.

'ಹೋಗವಲ್ದು' ಅಂದರು ಮೆಲ್ಲಗೆ. ಮತ್ತೆ ಬಡಿದರು. 'ಆದ್ರ... ಬಿಟ್ಟೈತಿ ಅಂತೈತಲ್ಲ ಇದು.'

ಆಗ ನಾನು ಬ್ಯಾಗಿನಿಂದ ಆ ರಿಪೋರ್ಟ್ ತೆಗೆದೆ.

ಅದರ ಕಥೆ ಇಷ್ಟು. ಟಿವಿ ಜೋರು ಇಡತಾರ, ಬೆಳಿಗ್ಗೆ ಗುಬ್ಬಿ ಚಿಲಿಪಿಲಿ ಕೇಳೋದಿಲ್ಲ ಅಂತಾರ ಅಂತ ಚಾಚಿ ಗಂಟು ಬಿದ್ದು, ಹಿಂದಿನ ವಾರ ನಾನೇ ಅವರನ್ನು ವಿದ್ಯಾನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಿಪೋರ್ಟ್ ತರಲು ಗುರುವಾರ ನಾನೊಬ್ಬಳೇ ಹೋದೆ, ನಮ್ಮ ಮನೆ ಅಲ್ಲೇ ಹತ್ತಿರ. ಪರೀಕ್ಷೆ ಮಾಡಿದವರು ಗ್ರಾಫ್ ತೋರಿಸಿ ಬಿಡಿಸಿ ಹೇಳಿದ್ದರು. ಎಡಗಡೆ ಕೆಳಗಿನ ದನಿಗಳು, ಗುಡುಗು, ನಗಾರಿ, ಅಂಥವು. ಅಲ್ಲಿ ಗೆರೆ ನೇರವಾಗಿದೆ, ವಯಸ್ಸಿಗೆ ಹೋಲಿಸಿದರೆ ತುಂಬಾ ಚೆನ್ನಾಗಿದೆ. ಬಲಗಡೆ ಹಕ್ಕಿಯ ದನಿ, ಫೋನಿನ ಕೀರಲು, ಅಂಥವು. ಅಲ್ಲಿ ಗೆರೆ ಕೆಳಗೆ ಬಿದ್ದಿದೆ. ಫೌಂಡ್ರಿಯ ಸದ್ದಿನಲ್ಲಿ ದುಡಿದವರಿಗೆ ಹೀಗೆ ಆಗುವುದುಂಟು. ಗಾಬರಿ ಬೇಡ.

ಹಲಗೆಯ ಬಡಿತ ಕೆಳಗಿನ ದನಿ. ಗ್ರಾಫಿನ ಎಡಭಾಗ.

ನಾನು ಆ ಕಾಗದವನ್ನು ಅವರ ಮುಂದೆ ಹಿಡಿದೆ. ಎಡಭಾಗ ನನ್ನ ಹೆಬ್ಬೆರಳಿನ ಕೆಳಗಿತ್ತು. ಆಕಸ್ಮಿಕವಾಗಿ ಅಲ್ಲ. ಇಟ್ಟಿದ್ದೆ.

'ನೋಡ್ರಿ ಈ ಗೆರಿ ಹೆಂಗ ಬಿದ್ದೈತಿ. ಕಾಗದ ಸುಳ್ಳು ಹೇಳೂದಿಲ್ಲ ಚಾಚಾ. ಕಡ್ಡಿ ಕೆಟ್ಟಿಲ್ರಿ. ಕೆಟ್ಟಿದ್ದು ನಿಮ್ಮ ಕಿವಿರಿ.'

ಅವರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಡ್ರಾಯಿಂಗ್ ಓದಿ ಜೀವನ ಕಳೆದ ಮನುಷ್ಯ. ಇಳಿದ ಗೆರೆ ಅಂದರೆ ಏನು ಅಂತ ಗೊತ್ತಾಯಿತು. ರಿಪೋರ್ಟನ್ನು ಕೈಗೂ ತೆಗೆದುಕೊಳ್ಳದೆ ನನ್ನ ಕಡೆಗೇ ಸರಿಸಿದರು. 'ನೀನಽ ಇಟ್ಕೋ. ನೋಡೂದರಾಗ ಏನೈತಿ.' ಆಮೇಲೆ, 'ಅಳತಿ ಹಂಗ ಹೇಳಿದ ಮ್ಯಾಲ ನಂದೇನ ನಡೀತೈತಿ. ಮುಚ್ಚೋಣ ತಗೋ.'

ಅವರು ವಾದಿಸಲಿಲ್ಲ. ಒಂದು ಸಲ ವಾದಿಸಿದ್ದರೆ ಸೋತುಬಿಡುತ್ತಿದ್ದೆ ಅಂತ ಈಗ ಅನ್ನಿಸುತ್ತದೆ. ರೇಡಿಯೋದ ಪರೀಕ್ಷೆಯಲ್ಲಿ ಹೇಗೆ ಒಪ್ಪಿದ್ದರೋ ಹಾಗೇ ಒಪ್ಪಿದರು. ನಗು ಮಾತ್ರ ಇರಲಿಲ್ಲ. ಸರೇಸ್ ಕಾಯಿಸಿದರು. ಹಚ್ಚಿದರು. ಆ ಒಂದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಅದು ಅಲ್ಲಿಯ ರಿವಾಜು.

ಮಾರ್ಚಿನಲ್ಲಿ ತಂತಿ ಕಟ್ಟಿದೆವು. ಎರಡು ಸ್ವರದಲ್ಲಿ ಒಳಗಿನಿಂದ ಒಂದು ಸಣ್ಣ ಗುಂಯ್ ಬರುತ್ತಿತ್ತು, ನೊಣ ಸಿಕ್ಕಿಕೊಂಡ ಹಾಗೆ. ನಾನು ಆ ಎರಡು ಸ್ವರ ಬಾರದ ಒಂದು ಹಾಡನ್ನು ಹುಡುಕಿ ಕಲಿತು, ಅವರ ಮುಂದೆ ಬಾರಿಸಿದೆ. ಚಾಚಾ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. 'ಛಲೋ ಬಂದೈತಿ ಅನಸ್ತೈತಿ' ಅಂದರು. ಅನಸ್ತೈತಿ ಅನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. 'ನೀನಽ ಒಯ್ಯಿ. ಎದಿ ನೀ ಕಟ್ಟೀದಿ.'

ಆಮೇಲೆ ಅವರು ಗಿಟಾರ್ ಮಾಡಲಿಲ್ಲ.

ಮೊದಮೊದಲು ಸೆಖೆ ಅಂದರು, ಆಮೇಲೆ ಮಳೆ ಅಂದರು. ಯಾರೋ ಹಾರ್ಮೋನಿಯಂ ರಿಪೇರಿಗೆ ತಂದರೆ, 'ಕಿವಿ ಹೋಗ್ಯಾವ್ರಿ ನನ್ನವು, ಬ್ಯಾರೆಯವರ ಕಡೆ ತೋರಸ್ರಿ' ಅಂತ ಕಳಿಸಿಬಿಟ್ಟರು. ಶೆಡ್ಡಿನ ರೇಡಿಯೋ ಬಂದ್ ಆಯಿತು. ಒಂದು ಭಾನುವಾರ ಹೋದಾಗ ಚಾಚಿ ನನ್ನನ್ನು ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಉದ್ದಕ್ಕೆ ಒಂದು ಹೊಸ ಹಲಗೆ. ಅದರ ಮೇಲೆ ಸಾಲಾಗಿ ಡಬ್ಬಿಗಳು, ಉಪ್ಪು, ಅರಿಶಿಣ, ಕಾರದ ಪುಡಿ, ಸೇಂಗಾ. ಕೂದಲೆಳೆಯಷ್ಟು ಸಣ್ಣ, ನೇರವಾದ ಗೆರೆಗಳು.

'ಕೇಸ್ ಗೆದ್ದೆ ನೋಡವಾ' ಅಂದರು ಚಾಚಿ. ನಗಲು ಹೋದರು, ನಗು ಬರಲಿಲ್ಲ. 'ಹಲಗಿ ಬಂತು. ಮನುಷ್ಯಾನಽ ಕಾಣವಲ್ರು.'

ಅವತ್ತೂ ನಾನು ಬಾಯಿ ಬಿಡಲಿಲ್ಲ. ನಂತರ ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದೆ, ಆಮೇಲೆ ನಿಲ್ಲಿಸಿದೆ. ಆದರೆ ಅವರನ್ನು ಬಿಡಲಿಲ್ಲ. ಅದಕ್ಕಿಂತ ಹೀನವಾದದ್ದು ಮಾಡಿದೆ. ಒಂದು ಸ್ಪರ್ಧೆಯಲ್ಲಿ ಮಾತು ಸೋಲುತ್ತಿರುವಾಗ ಆ ಕಥೆ ತಾನಾಗಿ ಬಾಯಿಗೆ ಬಂತು. ಗೆದ್ದೆ. ಮತ್ತೆ ಹೇಳಿದೆ. ಹೇಳುತ್ತಾ ಹೇಳುತ್ತಾ ಕಥೆಗೆ ಹೊಳಪು ಬಂತು, ನಡುವಿನ ಮೌನಗಳು ಎಲ್ಲಿರಬೇಕು ಅಂತ ಗೊತ್ತಾಯಿತು. ಈಗ ಶಾಲೆಯ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ, ಅವರಿಗೂ ಹೇಳಿದ್ದೇನೆ. ಸಾಕ್ಷಿಯನ್ನು ಗೌರವಿಸಿ ಅಂತ ಹೇಳಲು ಈ ಕಥೆ ಹೇಳಿದ್ದೇನೆ!

ಇಲ್ಲಿ ಯಾರಾದರೂ ನನ್ನ ಪರವಾಗಿ ಎದ್ದುನಿಲ್ಲಬಹುದು. ಬಡಿತ ಕೇಳಿ ದೋಷ ಹೇಳುವುದು ಎಲ್ಲರಿಗೂ ಸಾಧ್ಯವೆ, ಅದನ್ನು ಪ್ರಶ್ನಿಸಿದ್ದು ತಪ್ಪೆ, ಅಂತ. ತಪ್ಪಲ್ಲ. ರೇಡಿಯೋ ಕೇಳಿದ ಮರ ಹದವಾಗುವುದಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಅವತ್ತು ನಾನು ಪ್ರಶ್ನಿಸುತ್ತಿರಲಿಲ್ಲ. ಉತ್ತರ ನನ್ನ ಹತ್ತಿರ ಇತ್ತು, ಹೆಬ್ಬೆರಳಿನ ಕೆಳಗೆ. ಆ ಶೆಡ್ಡಿನಲ್ಲಿ ಅವತ್ತು ಸಾಕ್ಷಿಗೆ ಮರ್ಯಾದೆ ಕೊಟ್ಟವರು ಒಬ್ಬರೇ. ಅದು ನಾನಲ್ಲ.

ಈ ಸಲದ ಮಳೆಗಾಲ ಕಳೆದ ಮೇಲೆ ಗಿಟಾರನ್ನು ಗೋಡೆಯಿಂದ ಇಳಿಸಿದೆ. ಅಲುಗಾಡಿಸಿದರೆ ಒಳಗೆ ಏನೋ ಉರುಳಿತು. ತಂತಿ ಸಡಿಲ ಮಾಡಿ, ಕನ್ನಡಿ ಮತ್ತು ಫೋನಿನ ಬೆಳಕು ಹಾಕಿ ನೋಡಿದೆ. ಆರು ಕಡ್ಡಿ ತಮ್ಮ ಜಾಗದಲ್ಲಿದ್ದವು. ಐದನೆಯದು ಕಳಚಿ ಬಿದ್ದಿತ್ತು. ಅದಿದ್ದ ಜಾಗದ ಎರಡೂ ಅಂಚಿಗೆ ಗಾಜಿನ ಹಾಗೆ ಹೊಳೆಯುವ ಎರಡು ಗೆರೆ. ನಡುವೆ ಬರಿಯ ಮರ, ಅದರ ಮೇಲೆ ಪುಡಿಪುಡಿಯಾದ ಪೊರೆ. ನಾನು ಮೂರು ವರ್ಷ ವೇದಿಕೆಯ ಮೇಲೆ ಹೇಳಿದ್ದಕ್ಕೆ ಉತ್ತರ ಅಲ್ಲಿತ್ತು.

ಕಳೆದ ಭಾನುವಾರ ಬೆಳಿಗ್ಗೆ ಅದನ್ನು ತೆಗೆದುಕೊಂಡು ಲಕಮನಹಳ್ಳಿಗೆ ಹೋದೆ. ಬಾಗಿಲು ತೆರೆದವರು ಚಾಚಿ. 'ಬರ್ರಿ, ಬರ್ರಿ. ದೊಡ್ಡ ಮಂದಿ ಆಗ್ಯಾರ, ಬಡವರ ಮನಿ ದಾರಿ ಹೆಂಗ ನೆನಪಾತು?' ಅಂದರು. ನನ್ನ ಮುಖ ನೋಡಿ ದಾರಿ ಬಿಟ್ಟರು. ಚಾಚಾ ವರಾಂಡದಲ್ಲಿ ಕೂತಿದ್ದರು. ಇಳಿದುಹೋಗಿದ್ದರು. ಗಿಟಾರನ್ನು ಅವರ ತೊಡೆಯ ಮೇಲಿಟ್ಟು, ಕಡ್ಡಿಯನ್ನು ಕೈಯಲ್ಲಿ ಕೊಟ್ಟು, ನಿಂತುಕೊಂಡೇ ಎಲ್ಲಾ ಹೇಳಿದೆ. ಕಿಟಕಿ, ಫೋನು, ಟ್ಯೂಬು. ರಿಪೋರ್ಟ್ ಬಿಚ್ಚಿ ಎಡಭಾಗವನ್ನೂ ತೋರಿಸಿದೆ. ಮನೆಯಲ್ಲಿ ಕೂತು ಸಾಲು ಸಾಲಾಗಿ ತಯಾರಿ ಮಾಡಿಕೊಂಡಿದ್ದೆ. ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ.

ಅವರು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

'ಐದನೇದೇನ?'

'ಹೌದ್ರಿ.'

'ನಾ ಅವತ್ತ ಐದನೇದಽ ಅಂದಿದ್ದೆ?'

'ಹೌದ್ರಿ ಚಾಚಾ. ಐದನೇದಽ ಅಂದಿದ್ರಿ.'

ಅವರು ಎದ್ದರು. ಬೈಯುತ್ತಾರೆ ಅಂತ ಕಾದೆ, ಬೈದರೆ ಸಾಕು ಅಂತ ಕಾದೆ. ಸೀದಾ ಅಡುಗೆಮನೆಗೆ ನಡೆದರು. ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸತೊಡಗಿದರು. 'ಅಯ್ಯ, ನನ್ನ ಡಬ್ಬಿ!' ಅಂತ ಬಂದ ಚಾಚಿ ಅರ್ಧಕ್ಕೇ ನಿಂತರು. ಸರೇಸ್ ಹಚ್ಚುವಾಗ ಬಾಗಿಲಲ್ಲಿ ನಿಲ್ಲುತ್ತಿದ್ದರಲ್ಲ, ಹಾಗೆ. ಚಾಚಾ ಖಾಲಿ ಹಲಗೆಗೆ ಕಿವಿ ಹಚ್ಚಿ, ಬೆರಳಿನ ಗೆಣ್ಣಿನಿಂದ ಬಡಿದರು. ಸ್ವಲ್ಪ ಸರಿದು ಮತ್ತೆ ಬಡಿದರು. ನಡುವೆ ಎರಡು ಮೊಳೆ ಹೊಡೆದ ಜಾಗ ಇತ್ತು. ಅದರ ಮೇಲೆ ಬೆರಳು ಆಡಿಸಿದರು.

'ನಾನಽ ಹೊಡದೇನಿ' ಅಂದರು. ನನಗಲ್ಲ, ಚಾಚಿಗೂ ಅಲ್ಲ.

ಮತ್ತೊಮ್ಮೆ ಬಡಿದರು. ನಾನು ಬಾಗಿಲಲ್ಲಿದ್ದೆ. ಅಲ್ಲಿಗೂ ಕೇಳಿಸಿತು, ಟಕ್ ಆದ ಮೇಲೆ ಹಿಂದೆ ಉಳಿಯುವುದು. ಇದು ಆಗ ಕೇಳಿಸಿದ್ದೋ ಈಗ ನಾನು ಸೇರಿಸುತ್ತಿರುವುದೋ, ಆಣೆ ಮಾಡಿ ಹೇಳಲಾರೆ. ಅವರಿಗೆ ಕೇಳಿಸಿತು. ಅದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹೊರಡುವ ಮುಂಚೆ ಉಳಿದದ್ದನ್ನೂ ಹೇಳಿದೆ. ಈ ಕಥೆಯನ್ನು ಎಲ್ಲೆಲ್ಲಿ ಹೇಳಿದೆ, ಹೇಗೆ ಹೇಳಿದೆ, ಜನ ಎಲ್ಲಿ ನಕ್ಕರು ಅಂತ. ಅದನ್ನು ಹೇಳುವುದು ಟ್ಯೂಬಿನ ವಿಷಯ ಹೇಳಿದ್ದಕ್ಕಿಂತ ಕಷ್ಟವಾಯಿತು. ಚಾಚಾ ಗಿಟಾರಿನ ತಂತಿ ಬಿಚ್ಚುತ್ತಾ ಕೇಳಿಸಿಕೊಂಡರು.

'ನನ್ನ ಹೆಸರ ಹೇಳಿದ್ಯೇನ ಅಲ್ಲೆಲ್ಲಾ?'

'ಇಲ್ರಿ. ಒಬ್ಬ ಹಿರಿಯರು ಅಂತಿದ್ದೆ.'

'ಹಂಗಾದ್ರ ಈಗ ಹೇಳು.'

ಅಷ್ಟೇ ಅಂದರು. ಮುಂದಿನ ಭಾನುವಾರ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ವಕೀಲ ಸಾಹೇಬ್ರ ಅನ್ನಲಿಲ್ಲ. ಗಿಟಾರು ಮತ್ತು ಕಡ್ಡಿ ಅಲ್ಲೇ ಉಳಿದವು. ಆ ಕಥೆ ಹೇಳಿದ ಒಂದೊಂದು ಜಾಗಕ್ಕೂ ನಾನು ಹೋಗುತ್ತಿದ್ದೇನೆ. ಮಕ್ಕಳಿಗೆ ಮೊದಲು ಹೇಳಿದೆ. ಒಬ್ಬ ಹುಡುಗಿ ಎದ್ದು, ಹಾಗಾದರೆ ನೀವು ಗೆದ್ದ ಬಹುಮಾನಗಳು ಯಾರವು ಅಂತ ಕೇಳಿದಳು.

ಅವರ ಹೆಸರು ಖಾಜಾಸಾಬ ಹುಸೇನಸಾಬ ಗುಳೇದ. ಊರು ಲಕಮನಹಳ್ಳಿ, ಧಾರವಾಡ. ಅವರು ಹಲಗೆಯನ್ನು ಬಡಿದು, ಐದನೇ ಕಡ್ಡಿ ಬಿಟ್ಟಿದೆ ಅಂದರು. ಐದನೇ ಕಡ್ಡಿ ಬಿಟ್ಟಿತ್ತು.